ಪೊರೆ ತೆಗೆದ ಮೇಲೆ ಹಸುಗೂಸಿನ ಕಣ್ಣಿಗೆ ಲೆನ್ಸ್ ಹಾಕಲೇಬೇಕೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಮನೆಯ ಹಿರಿಯರಿಗೆ ಕಣ್ಣಿನ ಪೊರೆ ಆಪರೇಷನ್ ಆಗುವುದು ಈಗ ಸಾಮಾನ್ಯ ಸಂಗತಿ. ಬೆಳಿಗ್ಗೆ ಆಸ್ಪತ್ರೆಗೆ ಹೋಗಿ, ಪೊರೆ ತೆಗೆಸಿ, ಲೆನ್ಸ್ ಹಾಕಿಸಿಕೊಂಡು ಸಂಜೆಗೆ ಮನೆಗೆ ಬರುವವರನ್ನು ನಾವೆಲ್ಲ ನೋಡಿದ್ದೇವೆ. ಹಾಗಾಗಿ ಎರಡು ತಿಂಗಳ ಕೂಸಿನ ಪೊರೆ ತೆಗೆದು, ಲೆನ್ಸ್ ಹಾಕದೆಯೇ ಕಳಿಸಿದರು ಎಂದರೆ ಮನೆಯವರಿಗೆ ಗಾಬರಿಯಾಗುವುದು ಸಹಜ. 'ಅರ್ಧ ಕೆಲಸ ಮಾಡಿ ಕಳಿಸಿದ್ದಾರೆ', 'ದುಡ್ಡಿಲ್ಲದವರಿಗೆ ಲೆನ್ಸ್ ಹಾಕಲ್ಲ' ಎಂಬ ಮಾತು ಹುಟ್ಟುವುದು ಇಲ್ಲಿಂದಲೇ.

ಮಕ್ಕಳ ಕಣ್ಣಿನ ಪೊರೆಯ ಬಗ್ಗೆ ಫೋನಿನಲ್ಲೂ ಮನೆಗಳಲ್ಲೂ ಹರಿದಾಡುವ ಐದು ಮಾತುಗಳನ್ನು ನಾವು ಇಲ್ಲಿ ತೆಗೆದುಕೊಂಡಿದ್ದೇವೆ:

1. ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಹೋದರೆ ಮಗುವಿಗೆ ಪೊರೆ ಬರುತ್ತದೆ.
2. ಪೊರೆ ಬಲಿಯುವ ತನಕ ಕಾಯಬೇಕು, ಮಗು ದೊಡ್ಡದಾದ ಮೇಲೆ ಆಪರೇಷನ್ ಮಾಡಿಸಬಹುದು.
3. ಲೆನ್ಸ್ ಹಾಕದಿದ್ದರೆ ಆಪರೇಷನ್ ವ್ಯರ್ಥ.
4. ಲೆನ್ಸ್ ಹಾಕಿದರೆ ಕನ್ನಡಕ ಬೇಡ.
5. ವಯಸ್ಸು ಮೀರಿದ ಮೇಲೆ ಆಪರೇಷನ್ ಮಾಡಿಸಿ ಉಪಯೋಗವಿಲ್ಲ.

ಮೊದಲ ನಾಲ್ಕು ತಪ್ಪು. ಐದನೆಯದರಲ್ಲಿ ಸ್ವಲ್ಪ ನಿಜವಿದೆ, ಆದರೆ ಅದನ್ನು ಹೇಳುವ ರೀತಿ ತಪ್ಪು. ಒಂದೊಂದಾಗಿ ನೋಡೋಣ.

ಮಕ್ಕಳಿಗೆ ಪೊರೆ ಏಕೆ ಬರುತ್ತದೆ? ಗ್ರಹಣಕ್ಕೂ ಅದಕ್ಕೂ ಸಂಬಂಧವಿದೆಯೇ?

ಕಣ್ಣಪಾಪೆಯ ಹಿಂದೆ ಗಾಜಿನಂತೆ ತಿಳಿಯಾದ ಒಂದು ಲೆನ್ಸ್ ಹುಟ್ಟಿನಿಂದಲೇ ಇರುತ್ತದೆ. ಅದು ಮಸುಕಾದರೆ ಅದನ್ನೇ ಪೊರೆ ಎನ್ನುತ್ತೇವೆ. ವಯಸ್ಸಾದವರಲ್ಲಿ ಇದು ವರ್ಷಗಟ್ಟಲೆ ನಿಧಾನವಾಗಿ ಆಗುತ್ತದೆ. ಕೆಲವು ಮಕ್ಕಳು ಪೊರೆಯೊಂದಿಗೇ ಹುಟ್ಟುತ್ತಾರೆ. ಕೆಲವರಿಗೆ ಹುಟ್ಟಿದ ಕೆಲವು ತಿಂಗಳು ಅಥವಾ ವರ್ಷಗಳ ನಂತರ ಬರುತ್ತದೆ.

ಕಾರಣಗಳು ಹಲವು. ವಂಶವಾಹಿಯಲ್ಲಿ ಬಂದ ದೋಷ, ಡೌನ್ ಸಿಂಡ್ರೋಮ್, ಹಾಲಿನ ಸಕ್ಕರೆಯ ಒಂದು ಅಂಶವನ್ನು ಜೀರ್ಣಿಸಿಕೊಳ್ಳಲಾಗದ ಗ್ಯಾಲಕ್ಟೋಸೀಮಿಯಾ ಎಂಬ ಕಾಯಿಲೆ, ಗರ್ಭಿಣಿಗೆ ತಗುಲಿದ ಸೋಂಕು, ಆಟವಾಡುವಾಗ ಕಣ್ಣಿಗೆ ಬಿದ್ದ ಪೆಟ್ಟು, ದೀರ್ಘಕಾಲ ಬಳಸಿದ ಸ್ಟಿರಾಯ್ಡ್ ಔಷಧಿ ಇವೆಲ್ಲ ಪಟ್ಟಿಯಲ್ಲಿವೆ. ಎಷ್ಟೋ ಮಕ್ಕಳಲ್ಲಿ, ಅದರಲ್ಲೂ ಒಂದೇ ಕಣ್ಣಿಗೆ ಪೊರೆ ಬಂದವರಲ್ಲಿ, ಯಾವ ಕಾರಣವೂ ಸಿಗುವುದಿಲ್ಲ.

ಸೋಂಕುಗಳಲ್ಲಿ ಮುಖ್ಯವಾದದ್ದು ರುಬೆಲ್ಲಾ. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ಇದು ತಗುಲಿದರೆ ಮಗುವಿನ ಕಣ್ಣು, ಕಿವಿ, ಹೃದಯ ಮೂರಕ್ಕೂ ತೊಂದರೆಯಾಗಬಹುದು. ಈ ಸಂಬಂಧವನ್ನು 1941ರಲ್ಲಿ ಮೊದಲು ಗುರುತಿಸಿದವರು ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್. ಇದನ್ನು ತಡೆಯಲು ಲಸಿಕೆ ಇದೆ. ನಮ್ಮ ದೇಶದ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ 2017ರ ಫೆಬ್ರವರಿಯಲ್ಲಿ ಆರಂಭವಾದಾಗ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆಗ ಇದೇ ಲಸಿಕೆಯ ವಿರುದ್ಧ ವಾಟ್ಸಾಪ್‌ನಲ್ಲಿ ಹರಿದ ಸುಳ್ಳುಗಳು ಹಲವರಿಗೆ ನೆನಪಿರಬಹುದು. ಹುಟ್ಟುವ ಮಕ್ಕಳ ಕಣ್ಣು ಉಳಿಸುವ ಲಸಿಕೆಗಳಲ್ಲಿ ಅದೂ ಒಂದು.

ಗ್ರಹಣದಿಂದ ಗರ್ಭದಲ್ಲಿರುವ ಮಗುವಿಗೆ ಪೊರೆ ಬರುವುದಿಲ್ಲ. ಗ್ರಹಣದ ಸೂರ್ಯನನ್ನು ಬರಿಗಣ್ಣಿನಲ್ಲಿ ದಿಟ್ಟಿಸಿದರೆ ನೋಡಿದವರ ಕಣ್ಣಿನ ಹಿಂಪದರಕ್ಕೆ ಹಾನಿಯಾಗಬಹುದು, ಅಷ್ಟೇ. ಇದನ್ನು ಒತ್ತಿ ಹೇಳಲು ಕಾರಣವಿದೆ. 'ನೀನು ಹಾಗೆ ಮಾಡಿದ್ದಕ್ಕೇ ಹೀಗಾಯ್ತು' ಎಂದು ಬಾಣಂತಿಯನ್ನು ದೂರುವ ಮನೆಯಲ್ಲಿ, ತಾಯಿ ಮಗುವಿನ ಕಣ್ಣಿನ ವಿಷಯ ಎತ್ತಲೂ ಹೆದರುತ್ತಾಳೆ. ಆ ಹೆದರಿಕೆಯಲ್ಲಿ ಕಳೆದುಹೋಗುವುದು ಮಗುವಿನ ದಿನಗಳು.

'ಪೊರೆ ಬಲಿಯಲಿ' ಎಂದು ಕಾದರೆ ಏನಾಗುತ್ತದೆ?

ಬಲಿಯುವ ತನಕ ಕಾಯುವುದು ದೊಡ್ಡವರ ವಿಷಯದಲ್ಲೂ ಹಳೆಯ ಮಾತು. ಮಕ್ಕಳ ವಿಷಯದಲ್ಲಂತೂ ಅದು ನೇರ ಹಾನಿ.

ಎಪ್ಪತ್ತು ವರ್ಷದವರ ಮಿದುಳು ನೋಡುವುದನ್ನು ಎಂದೋ ಕಲಿತಿರುತ್ತದೆ. ಪೊರೆ ಕೆಲವು ವರ್ಷ ಕಣ್ಣು ಮುಚ್ಚಿದರೂ, ತೆಗೆದ ಕೂಡಲೇ ನೋಟ ಮರಳುತ್ತದೆ. ಹಸುಗೂಸಿನ ಮಿದುಳು ಹಾಗಲ್ಲ, ಅದು ನೋಡುವುದನ್ನು ಈಗ ಕಲಿಯುತ್ತಿರುತ್ತದೆ. ಸ್ಪಷ್ಟ ಚಿತ್ರ ಕಣ್ಣಿನೊಳಗೆ ಬಿದ್ದರೆ ಮಾತ್ರ ಕಲಿಕೆ ಸಾಗುತ್ತದೆ. ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಎಳವೆಯಲ್ಲಿ ಮುಚ್ಚಿಟ್ಟರೆ, ಮುಂದೆ ಆ ಕಣ್ಣು ತೆರೆದರೂ ಮಿದುಳು ಅದರ ಮಾತು ಕೇಳುವುದಿಲ್ಲ ಎಂದು ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1960ರ ದಶಕದಲ್ಲಿ ತೋರಿಸಿಕೊಟ್ಟರು. ದೃಷ್ಟಿಯ ಬಗೆಗಿನ ಕೆಲಸಕ್ಕೆ ಅವರಿಗೆ 1981ರಲ್ಲಿ ನೊಬೆಲ್ ಬಂತು. ಹೀಗೆ ಮಿದುಳು ಕಡೆಗಣಿಸಿದ ಕಣ್ಣನ್ನೇ 'ಸೋಮಾರಿ ಕಣ್ಣು' ಎನ್ನುತ್ತಾರೆ.

ಹುಟ್ಟಿನಿಂದಲೇ ದಟ್ಟವಾದ ಪೊರೆ ಇದ್ದರೆ, ಒಂದೇ ಕಣ್ಣಾದರೆ ಸುಮಾರು 4ರಿಂದ 6 ವಾರದಲ್ಲಿ, ಎರಡೂ ಕಣ್ಣಾದರೆ ಸುಮಾರು 6ರಿಂದ 8 ವಾರದಲ್ಲಿ ಆಪರೇಷನ್ ಆಗುವುದು ಒಳ್ಳೆಯದು ಎಂದು ತಜ್ಞರು ಹೇಳುವುದು ಇದಕ್ಕೇ. ಹುಟ್ಟಿದ ನಾಲ್ಕು ವಾರದೊಳಗೇ ಮಾಡಿದರೆ ಕಣ್ಣಿನ ಒತ್ತಡ ಏರುವ ಗ್ಲಾಕೋಮಾ ಕಾಯಿಲೆಯ ಅಪಾಯ ಹೆಚ್ಚು. ಆದ್ದರಿಂದ ವೈದ್ಯರು ಒಂದೆರಡು ವಾರ ತಡೆಯಿರಿ ಎಂದರೆ ಅದಕ್ಕೆ ಅರ್ಥವಿದೆ. ಆದರೆ ಆ ಅವಧಿಯ ಲೆಕ್ಕ ವಾರಗಳದ್ದು, ವರ್ಷಗಳದ್ದಲ್ಲ.

ಎಲ್ಲ ಪೊರೆಗೂ ಆಪರೇಷನ್ ಬೇಕಿಲ್ಲ ಎಂಬುದೂ ನಿಜ. ಚುಕ್ಕಿಯಷ್ಟಿದ್ದು ನೋಟಕ್ಕೆ ಅಡ್ಡಬಾರದ ಪೊರೆಯನ್ನು ಆಗಾಗ ಪರೀಕ್ಷಿಸುತ್ತಾ ಬಿಡಬಹುದು. ಯಾವುದು ಚುಕ್ಕಿ, ಯಾವುದು ಅಡ್ಡ ಎಂದು ಹೇಳಬೇಕಾದವರು ಕಣ್ಣಿನ ವೈದ್ಯರು. ನಂದಿಬಟ್ಟಲು ಹೂವಿನ ರಸ, ಜೇನುತುಪ್ಪ, ಹರಳೆಣ್ಣೆ, ಎದೆಹಾಲು ಇವು ಯಾವುವೂ ಪೊರೆ ಕರಗಿಸುವುದಿಲ್ಲ. ಪೊರೆ ಇರುವುದು ಕಣ್ಣಿನ ಒಳಗೆ. ಹೊರಗಿನಿಂದ ಹನಿಸಿದ ರಸ ಅದನ್ನು ತೆಗೆಯುವುದಿಲ್ಲ, ಬದಲಿಗೆ ಸೋಂಕು ತರಬಹುದು.

ಈ ಲೆನ್ಸ್ ಎಂದರೆ ಏನು?

ಪೊರೆ ತೆಗೆಯುವುದೆಂದರೆ ಮಸುಕಾದ ಲೆನ್ಸನ್ನೇ ತೆಗೆಯುವುದು. ಲೆನ್ಸ್ ಇಲ್ಲದ ಕಣ್ಣಿನೊಳಗೆ ಬೆಳಕು ಹೋಗುತ್ತದೆ, ಆದರೆ ಚಿತ್ರ ಸರಿಯಾದ ಜಾಗದಲ್ಲಿ ಮೂಡುವುದಿಲ್ಲ. ಅದನ್ನು ಸರಿಪಡಿಸಲು ಮೂರು ದಾರಿಗಳಿವೆ: ದಪ್ಪ ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್, ಇಲ್ಲವೇ ಕಣ್ಣಿನೊಳಗೇ ಕೂರಿಸುವ ಕೃತಕ ಲೆನ್ಸ್.

ಮೂರನೆಯ ದಾರಿ ತೆರೆದವರು ಲಂಡನ್ನಿನ ಹೆರಾಲ್ಡ್ ರಿಡ್ಲಿ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಪೈಲಟ್‌ಗಳ ಕಣ್ಣಿನಲ್ಲಿ ವಿಮಾನದ ಪ್ಲಾಸ್ಟಿಕ್ ಮುಚ್ಚಳದ ಚೂರುಗಳು ಸಿಕ್ಕಿಕೊಂಡಿದ್ದವು. ಅವು ಒಳಗಿದ್ದರೂ ಕಣ್ಣು ಕೆರಳದೆ ಸುಮ್ಮನಿದ್ದುದನ್ನು ರಿಡ್ಲಿ ಗಮನಿಸಿದರು. ಅದೇ ಬಗೆಯ ಪ್ಲಾಸ್ಟಿಕ್‌ನಿಂದ ಲೆನ್ಸ್ ಮಾಡಿಸಿ, 1949ರ ನವೆಂಬರ್ 29ರಂದು ಮೊದಲ ಬಾರಿಗೆ ರೋಗಿಯ ಕಣ್ಣಿನಲ್ಲಿ ಇಟ್ಟರು. ಈಗ ಮಡಚಿ ಒಳಗೆ ಸೇರಿಸಬಹುದಾದ ಮೃದುವಾದ ಅಕ್ರಿಲಿಕ್ ಲೆನ್ಸುಗಳಿವೆ.

ಇಷ್ಟು ಒಳ್ಳೆಯ ಲೆನ್ಸನ್ನು ಹಸುಗೂಸಿಗೆ ಹಾಕಲು ವೈದ್ಯರು ಹಿಂದೆಮುಂದೆ ನೋಡುವುದೇಕೆ?

ಎರಡು ಮುಖ್ಯ ಕಾರಣಗಳಿವೆ.

ಮೊದಲನೆಯದು, ಕೂಸಿನ ಕಣ್ಣು ಬೆಳೆಯುತ್ತಿರುತ್ತದೆ. ಹುಟ್ಟುವಾಗ ಕಣ್ಣುಗುಡ್ಡೆಯ ಉದ್ದ ಸುಮಾರು 17 ಮಿಲಿಮೀಟರ್. ದೊಡ್ಡವರಲ್ಲಿ ಅದು 23ರಿಂದ 24 ಮಿಲಿಮೀಟರ್. ಈ ಬೆಳವಣಿಗೆಯ ಹೆಚ್ಚಿನ ಪಾಲು ಮೊದಲ ಎರಡು ವರ್ಷಗಳಲ್ಲೇ ಆಗುತ್ತದೆ. ಕಣ್ಣು ಬೆಳೆದಂತೆ ಬೇಕಾದ ಪವರ್ ಇಳಿಯುತ್ತಾ ಹೋಗುತ್ತದೆ. ಒಳಗಿಟ್ಟ ಲೆನ್ಸಿನ ಪವರ್ ಮಾತ್ರ ಬದಲಾಗುವುದಿಲ್ಲ. ಎರಡು ತಿಂಗಳಿಗೆ ಸರಿಯಾಗಿದ್ದ ಲೆನ್ಸ್ ಐದು ವರ್ಷಕ್ಕೆ ಬಹಳ ಹೆಚ್ಚಾಗಿ, ದೂರದ್ದು ಕಾಣದ ಕಣ್ಣಾಗಬಹುದು. ಆದ್ದರಿಂದ ಲೆನ್ಸ್ ಹಾಕುವುದಾದರೂ, ಬೆಳೆಯುವ ಮಗುವಿಗೆ ಒಂದು ಅಳತೆ ದೊಡ್ಡ ಬಟ್ಟೆ ಹೊಲಿಸುವ ಹಾಗೆ, ಮುಂದಿನ ಬೆಳವಣಿಗೆಯನ್ನು ಲೆಕ್ಕ ಹಾಕಿ ಈಗ ಬೇಕಾದ್ದಕ್ಕಿಂತ ಕಡಿಮೆ ಪವರ್ ಆರಿಸುತ್ತಾರೆ.

ಎರಡನೆಯದು, ಎಳೆಯ ಕಣ್ಣು ಬೇಗ ಕೆರಳುತ್ತದೆ. ಲೆನ್ಸ್ ಕೂರಿಸುವ ತೆಳು ಚೀಲದ ಹಿಂಭಾಗ ಹಾಗೇ ಬಿಟ್ಟರೆ, ಉಳಿದ ಜೀವಕೋಶಗಳು ಬೆಳೆದು ಅದು ಮತ್ತೆ ಮಸುಕಾಗುತ್ತದೆ. ದೊಡ್ಡವರಿಗೆ ಹೀಗಾದರೆ ಕುರ್ಚಿಯಲ್ಲಿ ಕೂರಿಸಿ ಲೇಸರ್‌ನಿಂದ ನಿಮಿಷಗಳಲ್ಲಿ ಸರಿಪಡಿಸುತ್ತಾರೆ. ಕೂಸು ಲೇಸರ್ ಮುಂದೆ ಅಲುಗಾಡದೆ ಕೂರುತ್ತದೆಯೇ? ಮತ್ತೆ ಪೂರ್ತಿ ಅರಿವಳಿಕೆ, ಮತ್ತೆ ಆಪರೇಷನ್ ಕೊಠಡಿ. ಹೀಗಾಗಬಾರದೆಂದು ಎಳೆಯ ಮಕ್ಕಳಲ್ಲಿ ಮೊದಲ ಆಪರೇಷನ್ನಿನಲ್ಲೇ ಚೀಲದ ಹಿಂಭಾಗವನ್ನು ತೆರೆದು, ಅದರ ಹಿಂದಿನ ಲೋಳೆಯಂಥ ದ್ರವವನ್ನೂ ಸ್ವಲ್ಪ ತೆಗೆಯುತ್ತಾರೆ. ಹಾಗಿದ್ದರೂ ಲೆನ್ಸ್ ಇಟ್ಟ ಎಳೆಯ ಕಣ್ಣಿನಲ್ಲಿ ಜೀವಕೋಶಗಳು ಮತ್ತೆ ಬೆಳೆದು ಅಡ್ಡ ಬರುವುದು ಹೆಚ್ಚು.

ಅಧ್ಯಯನಗಳಲ್ಲಿ ಏನು ಕಂಡುಬಂದಿದೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕದ 12 ಕೇಂದ್ರಗಳಲ್ಲಿ 'ಇನ್‌ಫ್ಯಾಂಟ್ ಅಫೇಕಿಯಾ ಟ್ರೀಟ್‌ಮೆಂಟ್ ಸ್ಟಡಿ' ನಡೆಯಿತು. ಒಂದೇ ಕಣ್ಣಿಗೆ ಪೊರೆ ಇದ್ದ, 1ರಿಂದ 6 ತಿಂಗಳ 114 ಶಿಶುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 57 ಶಿಶುಗಳಿಗೆ ಪೊರೆ ತೆಗೆದು ಒಳಗೆ ಲೆನ್ಸ್ ಹಾಕಿದರು. ಇನ್ನುಳಿದ 57 ಶಿಶುಗಳಿಗೆ ಲೆನ್ಸ್ ಹಾಕದೆ ಕಾಂಟ್ಯಾಕ್ಟ್ ಲೆನ್ಸ್ ಕೊಟ್ಟರು.

ನಾಲ್ಕೂವರೆ ವರ್ಷಕ್ಕೆ ಪರೀಕ್ಷಿಸಿದಾಗ ಎರಡೂ ಗುಂಪುಗಳ ದೃಷ್ಟಿ ಹೆಚ್ಚುಕಡಿಮೆ ಒಂದೇ ಇತ್ತು. ಹತ್ತೂವರೆ ವರ್ಷಕ್ಕೂ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸವಿದ್ದದ್ದು ಮತ್ತೆ ಮಾಡಬೇಕಾದ ಆಪರೇಷನ್ನುಗಳಲ್ಲಿ. ಐದು ವರ್ಷದೊಳಗೆ ಲೆನ್ಸ್ ಹಾಕಿದ ಗುಂಪಿನ 41 ಮಕ್ಕಳಿಗೆ ಕಣ್ಣಿನೊಳಗೆ ಮತ್ತೆ ಆಪರೇಷನ್ ಬೇಕಾಯಿತು. ಲೆನ್ಸ್ ಹಾಕದ ಗುಂಪಿನಲ್ಲಿ ಆ ಸಂಖ್ಯೆ 12. ಹಾಗಾಗಿ ಏಳು ತಿಂಗಳೊಳಗಿನ ಶಿಶುವಿಗೆ ಸಾಧ್ಯವಾದರೆ ಲೆನ್ಸ್ ಹಾಕದೆ ಕಾಂಟ್ಯಾಕ್ಟ್ ಲೆನ್ಸ್ ಕೊಡುವುದು ಮೇಲು, ಅದನ್ನು ನಿಭಾಯಿಸಲು ಆಗದ ಕುಟುಂಬಗಳಿಗೆ ಒಳಗಿನ ಲೆನ್ಸ್ ಎಂದು ಸಂಶೋಧಕರು ಹೇಳಿದರು.

ಎರಡು ವರ್ಷದೊಳಗಿನ ಮಕ್ಕಳ ಬಗ್ಗೆ ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ ನಡೆದ ಅಧ್ಯಯನದಲ್ಲೂ ಲೆನ್ಸ್ ಹಾಕಿದ್ದರಿಂದ ದೃಷ್ಟಿ ಹೆಚ್ಚು ಚೆನ್ನಾಗಲಿಲ್ಲ, ಗ್ಲಾಕೋಮಾದಿಂದ ರಕ್ಷಣೆಯೂ ಸಿಗಲಿಲ್ಲ, ಮರು ಆಪರೇಷನ್ ಮಾತ್ರ ಹೆಚ್ಚಾಯಿತು.

ಚಿತ್ರದ ಇನ್ನೊಂದು ಮುಖ ನಮ್ಮ ದೇಶದ್ದೇ. ಅಹಮದಾಬಾದಿನ ವೈದ್ಯರು ಎರಡೂ ಕಣ್ಣಿಗೆ ಪೊರೆ ಇದ್ದ, ಎರಡು ವರ್ಷದೊಳಗಿನ ಮಕ್ಕಳನ್ನು ಹೀಗೆಯೇ ಎರಡು ಗುಂಪು ಮಾಡಿ ಐದು ವರ್ಷ ಗಮನಿಸಿದರು. ತೊಡಕುಗಳು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಸಮನಾಗಿದ್ದವು. ಲೆನ್ಸ್ ಹಾಕಿದ ಮಕ್ಕಳ ದೃಷ್ಟಿ ಬೇಗ ಸುಧಾರಿಸಿತು. ಅಂದರೆ ಅನುಭವಿ ಕೈಗಳಲ್ಲಿ, ಸರಿಯಾದ ಮಗುವನ್ನು ಆರಿಸಿದರೆ, ಬೇಗ ಲೆನ್ಸ್ ಹಾಕುವುದೂ ತಪ್ಪಲ್ಲ.

ಹಾಗಾದರೆ ನಿರ್ಧಾರ ಹೇಗೆ?

ಎರಡು ವರ್ಷ ದಾಟಿದ ಮಕ್ಕಳಿಗೆ ಸಾಮಾನ್ಯವಾಗಿ ಪೊರೆ ತೆಗೆದಾಗಲೇ ಲೆನ್ಸ್ ಹಾಕುತ್ತಾರೆ. ಆರೇಳು ತಿಂಗಳೊಳಗಿನ ಕೂಸಿಗೆ ಹೆಚ್ಚಾಗಿ ಈಗ ಬೇಡ ಎನ್ನುತ್ತಾರೆ. ನಡುವಿನ ವಯಸ್ಸಿನಲ್ಲಿ ಕಣ್ಣಿನ ಅಳತೆ, ಒಂದು ಕಣ್ಣೋ ಎರಡೋ, ಕಣ್ಣಿಗೆ ಬೇರೆ ತೊಂದರೆ ಇದೆಯೋ ಎಂಬುದನ್ನು ನೋಡುತ್ತಾರೆ. ಮನೆಯ ಪರಿಸ್ಥಿತಿಯೂ ಲೆಕ್ಕಕ್ಕೆ ಬರುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ದುಬಾರಿ, ಕಳೆದುಹೋಗುತ್ತದೆ, ಧೂಳು ಮತ್ತು ನೀರಿನ ತೊಂದರೆ ಇರುವ ಕಡೆ ಅದನ್ನು ಶುಚಿಯಾಗಿ ಹಾಕಿ ತೆಗೆಯುವುದು ಸುಲಭವಲ್ಲ. ಎರಡೂ ಕಣ್ಣಿನ ಆಪರೇಷನ್ ಆದ ಮಗುವಿಗೆ ದಪ್ಪ ಕನ್ನಡಕ ಒಳ್ಳೆಯ ದಾರಿ. ಒಂದೇ ಕಣ್ಣಿನದಾದರೆ ಕನ್ನಡಕ ಅಷ್ಟಾಗಿ ಒಗ್ಗುವುದಿಲ್ಲ, ಏಕೆಂದರೆ ಎರಡು ಕಣ್ಣಿನ ಚಿತ್ರಗಳ ಗಾತ್ರ ಬೇರೆಬೇರೆಯಾಗುತ್ತದೆ.

ಈಗ ಲೆನ್ಸ್ ಹಾಕಲಿಲ್ಲ ಎಂದರೆ ಎಂದೂ ಹಾಕುವುದಿಲ್ಲ ಎಂದಲ್ಲ. ಲೆನ್ಸ್ ಕೂರಿಸಲು ಬೇಕಾದ ಚೀಲದ ಅಂಚನ್ನು ಉಳಿಸಿಕೊಂಡು, ಕಣ್ಣು ಬೆಳೆದ ಮೇಲೆ ಇನ್ನೊಂದು ಆಪರೇಷನ್ನಿನಲ್ಲಿ ಹಾಕಬಹುದು. ಆದರೆ ಅಲ್ಲಿಯವರೆಗೆ ಕನ್ನಡಕ ಅಥವಾ ಕಾಂಟ್ಯಾಕ್ಟ್ ಲೆನ್ಸ್ ಬಿಡುವಂತೆಯೇ ಇಲ್ಲ. ಪೊರೆ ತೆಗೆಸಿ, ಕನ್ನಡಕ ಹಾಕದೆ ಬಿಟ್ಟರೆ ಮಾತ್ರ ಅದು ನಿಜಕ್ಕೂ ಅರ್ಧ ಚಿಕಿತ್ಸೆ.

ಲೆನ್ಸ್ ಹಾಕಿದರೆ ಕನ್ನಡಕ ಬೇಡವೇ?

ಬೇಕು. ಮೇಲೆ ಹೇಳಿದಂತೆ ಪವರನ್ನು ಬೇಕೆಂದೇ ಕಡಿಮೆ ಇಟ್ಟಿರುತ್ತಾರೆ. ಆ ಕೊರತೆಯನ್ನು ಕನ್ನಡಕ ತುಂಬುತ್ತದೆ. ಜೊತೆಗೆ ಕೃತಕ ಲೆನ್ಸ್ ನಮ್ಮ ಸ್ವಂತ ಲೆನ್ಸಿನ ಹಾಗೆ ಹತ್ತಿರ-ದೂರಕ್ಕೆ ತಕ್ಕಂತೆ ಬದಲಾಗುವುದಿಲ್ಲ. ಹತ್ತಿರದ ನೋಟಕ್ಕೂ ಸಹಾಯ ಬೇಕು. ಕನ್ನಡಕದ ನಂಬರ್ ಬೆಳವಣಿಗೆಯ ಜೊತೆ ಬದಲಾಗುತ್ತಾ ಹೋಗುತ್ತದೆ. ಇದನ್ನು ಕಂಡು 'ಆಪರೇಷನ್ ಫೇಲ್ ಆಯ್ತು' ಎಂದುಕೊಳ್ಳಬೇಡಿ.

'ಲೆನ್ಸಿಗೆ ಇಷ್ಟು ವರ್ಷ ಆಯುಸ್ಸು, ಆಮೇಲೆ ಬದಲಿಸಬೇಕು' ಎಂಬ ಮಾತೂ ಸರಿಯಲ್ಲ. ಒಳಗಿಟ್ಟ ಲೆನ್ಸ್ ಜೀವನಪೂರ್ತಿ ಇರುವಂಥದ್ದು. ಪವರ್ ತೀರಾ ಹೊಂದದಿದ್ದರೆ ಅಥವಾ ಲೆನ್ಸ್ ಜಾಗ ಬಿಟ್ಟು ಸರಿದರೆ ಮಾತ್ರ ಬದಲಿಸುವ ಯೋಚನೆ ಮಾಡುತ್ತಾರೆ.

ಆಪರೇಷನ್ ಮುಗಿದ ಮೇಲೆ ಮನೆಯಲ್ಲಿ ನಡೆಯುವ ಕೆಲಸ

ಒಂದೇ ಕಣ್ಣಿನ ಪೊರೆಯಾದರೆ ಚೆನ್ನಾಗಿರುವ ಕಣ್ಣಿಗೆ ದಿನವೂ ಕೆಲವು ಗಂಟೆ ಪಟ್ಟಿ ಹಾಕಿ, ದುರ್ಬಲ ಕಣ್ಣಿನಿಂದ ನೋಡಿಸಬೇಕು. ಅಮೆರಿಕದ ಅಧ್ಯಯನದಲ್ಲಿ ಎಂಟು ತಿಂಗಳವರೆಗೆ ಮಗುವಿಗೆ ಎಷ್ಟು ತಿಂಗಳೋ ದಿನಕ್ಕೆ ಅಷ್ಟು ಗಂಟೆ, ಆಮೇಲೆ ಎಚ್ಚರವಿರುವ ಹೊತ್ತಿನ ಅರ್ಧದಷ್ಟು ಪಟ್ಟಿ ಹಾಕಲು ಹೇಳಿದ್ದರು. ನಿಮ್ಮ ಮಗುವಿಗೆ ಎಷ್ಟು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಮಗು ಅಳುತ್ತದೆ, ಪಟ್ಟಿ ಕಿತ್ತುಹಾಕುತ್ತದೆ. 'ಚೆನ್ನಾಗಿರೋ ಕಣ್ಣನ್ನೇಕೆ ಕಟ್ಟಿದ್ದೀಯಾ' ಎಂದು ನೆಂಟರು ತಾಯಿಯನ್ನು ಕೇಳುತ್ತಾರೆ. ಆ ಮಾತಿಗೆ ಸೋತು ಪಟ್ಟಿ ಬಿಟ್ಟರೆ ಆಪರೇಷನ್ನಿನ ಫಲ ಕೈ ತಪ್ಪುತ್ತದೆ.

ಇಷ್ಟೆಲ್ಲ ಮಾಡಿದರೂ ಫಲಿತಾಂಶ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಅದೇ ಅಧ್ಯಯನದಲ್ಲಿ ಹತ್ತೂವರೆ ವರ್ಷಕ್ಕೆ ಸುಮಾರು ಕಾಲು ಭಾಗದಷ್ಟು ಮಕ್ಕಳಿಗೆ ಮಾತ್ರ ಆಪರೇಷನ್ ಆದ ಕಣ್ಣಿನಲ್ಲಿ 6/12 ಅಥವಾ ಅದಕ್ಕಿಂತ ಒಳ್ಳೆಯ ದೃಷ್ಟಿ ಇತ್ತು. ಗ್ಲಾಕೋಮಾ ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು. ಲೆನ್ಸ್ ಹಾಕಿದ್ದರೂ ಹಾಕದಿದ್ದರೂ ಈ ಮಕ್ಕಳಿಗೆ ಜೀವನಪೂರ್ತಿ ಕಣ್ಣಿನ ತಪಾಸಣೆ ಬೇಕು. ಕಣ್ಣಲ್ಲಿ ನೀರು ಸುರಿಯುವುದು, ಬೆಳಕಿಗೆ ಮುಖ ತಿರುಗಿಸುವುದು, ಕಪ್ಪುಗುಡ್ಡೆ ಮಸುಕಾಗುವುದು ಅಥವಾ ದೊಡ್ಡದಾಗುವುದು ಕಂಡರೆ ಮುಂದಿನ ತಾರೀಕಿಗೆ ಕಾಯದೆ ಕೂಡಲೇ ಹೋಗಿ.

ತಡವಾಗಿ ಗೊತ್ತಾಯಿತು, ಈಗ ಬಿಟ್ಟುಬಿಡಬೇಕೇ?

ಬಿಡಬೇಡಿ. ಬೇಗ ಮಾಡಿಸಿದಷ್ಟು ಫಲ ಸಿಗದಿರಬಹುದು, ಆದರೆ ಏನೂ ಇಲ್ಲ ಎಂಬುದು ಸುಳ್ಳು. ಅಮೆರಿಕದ ಎಂಐಟಿಯ ಪ್ರಾಧ್ಯಾಪಕ ಪವನ್ ಸಿನ್ಹಾ ಆರಂಭಿಸಿದ 'ಪ್ರಾಜೆಕ್ಟ್ ಪ್ರಕಾಶ್' ಉತ್ತರ ಭಾರತದಲ್ಲಿ ಹುಟ್ಟಿನಿಂದ ಕಣ್ಣು ಕಾಣದ, ವರ್ಷಗಟ್ಟಲೆ ಚಿಕಿತ್ಸೆ ಸಿಗದ ಮಕ್ಕಳನ್ನು ಹುಡುಕಿ ಆಪರೇಷನ್ ಮಾಡಿಸಿದೆ. 2011ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನದಲ್ಲಿ 8ರಿಂದ 17 ವರ್ಷದ ಐವರು ಮಕ್ಕಳಿದ್ದರು. ಕೈಯಿಂದ ಮುಟ್ಟಿ ತಿಳಿದ ವಸ್ತುವನ್ನು, ಕಣ್ಣು ಬಂದ ಕೂಡಲೇ ನೋಡಿ ಗುರುತಿಸಲು ಅವರಿಗೆ ಆಗಲಿಲ್ಲ. ಆದರೆ ದಿನಗಳು ಕಳೆದಂತೆ ಆ ಸಾಮರ್ಥ್ಯ ಬೆಳೆಯಿತು. ಅಂದರೆ ತಡವಾದರೂ ಮಿದುಳು ಕಲಿಯುತ್ತದೆ. ಅಕ್ಷರ ಸ್ಪಷ್ಟ ಕಾಣದಿದ್ದರೂ ದಾರಿ ಕಂಡು ತಾನೇ ನಡೆಯುವುದು ಸಣ್ಣ ವಿಷಯವಲ್ಲ.

ಮನೆಯಲ್ಲಿ ಏನು ಗಮನಿಸಬೇಕು, ಎಲ್ಲಿಗೆ ಹೋಗಬೇಕು?

• ಕಣ್ಣಪಾಪೆಯ ನಡುವೆ ಬಿಳಿ ಅಥವಾ ಬೂದು ಬಣ್ಣ ಕಾಣುವುದು.
• ಎರಡು-ಮೂರು ತಿಂಗಳಾದರೂ ಮುಖ ನೋಡದಿರುವುದು, ಆಟಿಕೆಯನ್ನು ಕಣ್ಣಿನಿಂದ ಹಿಂಬಾಲಿಸದಿರುವುದು.
• ಕಣ್ಣುಗುಡ್ಡೆ ಸದಾ ಅಲುಗಾಡುವುದು, ಮೆಳ್ಳೆಗಣ್ಣು.
• ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಕಣ್ಣು ಕೆಂಪಗೆ, ಇನ್ನೊಂದು ಬೆಳ್ಳಗೆ ಕಾಣುವುದು.

ಕೊನೆಯದು ಫೋನಿನಲ್ಲೇ ಕಾಣುವಂಥದ್ದು. ಫೋಟೋ ತೆಗೆದ ಕೋನದಿಂದಲೂ ಹೀಗೆ ಕಾಣಬಹುದು. ಆದರೆ ಅದು ಪೊರೆಯೂ ಆಗಿರಬಹುದು, ಕಣ್ಣಿನೊಳಗಿನ ಕ್ಯಾನ್ಸರ್ ಆದ ರೆಟಿನೋಬ್ಲಾಸ್ಟೋಮಾ ಕೂಡ ಆಗಿರಬಹುದು. ಕ್ಯಾನ್ಸರ್ ಆದರೆ ತಡ ಮಾಡಿದಷ್ಟು ಜೀವಕ್ಕೇ ಅಪಾಯ. ಆ ಫೋಟೋವನ್ನು ಗ್ರೂಪಿಗೆ ಹಾಕಿ ಅಭಿಪ್ರಾಯ ಕೇಳುವ ಬದಲು ಅದೇ ವಾರ ಕಣ್ಣಿನ ವೈದ್ಯರಿಗೆ ತೋರಿಸಿ.

ಮೊದಲು ಆಶಾ ಕಾರ್ಯಕರ್ತೆ, ಅಂಗನವಾಡಿ ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೇಳಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಉಚಿತ ತಪಾಸಣೆ ಮತ್ತು ಚಿಕಿತ್ಸೆಗೆ ಅವಕಾಶವಿದೆ. ಹುಟ್ಟಿನಿಂದ ಬರುವ ಪೊರೆ ಅದರ ಪಟ್ಟಿಯಲ್ಲಿಯೇ ಇದೆ. ಜಿಲ್ಲಾ ಆಸ್ಪತ್ರೆಯಿಂದ ಮಕ್ಕಳ ಕಣ್ಣಿನ ತಜ್ಞರಿರುವ ಆಸ್ಪತ್ರೆಗೆ ಬರೆದುಕೊಡುತ್ತಾರೆ.

ವೈದ್ಯರ ಮುಂದೆ ಕೂತಾಗ ಈ ಪ್ರಶ್ನೆಗಳನ್ನು ಕೇಳಿ: ಆಪರೇಷನ್ ಎಷ್ಟು ವಾರದೊಳಗೆ ಆಗಬೇಕು? ಈಗ ಲೆನ್ಸ್ ಹಾಕುತ್ತೀರಾ, ಇಲ್ಲವಾದರೆ ಏಕೆ, ಯಾವಾಗ ಹಾಕಬಹುದು? ಅಲ್ಲಿಯವರೆಗೆ ಕನ್ನಡಕವೋ ಕಾಂಟ್ಯಾಕ್ಟ್ ಲೆನ್ಸೋ, ಅದಕ್ಕೆ ಖರ್ಚೆಷ್ಟು? ಪಟ್ಟಿ ದಿನಕ್ಕೆ ಎಷ್ಟು ಗಂಟೆ? ಮುಂದಿನ ತಪಾಸಣೆ ಯಾವಾಗ?

ಒಟ್ಟಿನಲ್ಲಿ

ಹಸುಗೂಸಿಗೆ ಲೆನ್ಸ್ ಹಾಕದೆ ಕಳಿಸಿದರೆ ಅದು ಮೋಸವಲ್ಲ, ಹಲವು ಸಲ ಅದೇ ಸರಿಯಾದ ಚಿಕಿತ್ಸೆ. ಲೆನ್ಸ್ ಹಾಕಿದರೂ ಕನ್ನಡಕ, ಪಟ್ಟಿ, ತಪಾಸಣೆ ತಪ್ಪುವುದಿಲ್ಲ. ಲೆನ್ಸ್ ಇಂದೋ ನಾಳೆಯೋ ಎಂಬುದಕ್ಕೆ ಸಮಯವಿದೆ, ದಟ್ಟ ಪೊರೆ ತೆಗೆಸುವುದಕ್ಕೆ ಅಷ್ಟು ಸಮಯವಿಲ್ಲ. 'ಬಲಿಯಲಿ, ಕಾಯಿರಿ' ಎಂಬ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಆ ಗ್ರೂಪಿನಲ್ಲಿ ಎಳೆಯ ಮಗುವಿರುವ ಮನೆಯವರಿದ್ದರೆ, ಮಗುವಿನ ಕಣ್ಣನ್ನು ಒಮ್ಮೆ ವೈದ್ಯರಿಗೆ ತೋರಿಸಿದ್ದೀರಾ ಎಂದು ಕೇಳಿ.